ಶಾಲಿ ದಿನದ ಗೆಳೆಯರಿಬ್ಬರ ಇಂಡಿ ಪಾಪ್ ಹಾಡು ಧಾರವಾಡದ ಮನ್ಯಾಗ ರೆಕಾರ್ಡ್ ಮಾಡೋದು ಹ್ಯಾಂಗ?

ನೀವು ಬರದದ್ದು: ಒಂದು ಗಂಡು ದನಿ, ಒಂದು ಹೆಣ್ಣು ದನಿ, ಒಂದು ಗಿಟಾರು. ನಾಲ್ಕು ಸ್ವಂತ ಹಾಡು, ಜೋಡಿಗೆ ಬೇಂದ್ರೆಯವರ ಒಂದು ಕವಿತೆ. ಧಾರವಾಡದಾಗ ಹಳೇ ಹಂಚಿನ ಮನಿ. ಮೊಬೈಲಿನ್ಯಾಗ ಹಿಡಿದ್ರ ಹಾಡಿನ ಹಳಹಳಿ ಹೋಗಿ ಬರೇ ಗದ್ದಲ ಉಳೀತದ ಅಂತ.

ಮೈಕಿಗಿಂತ ಮೊದಲು ಶ್ರುತಿ ನೋಡ್ರಿ, ಇಂಥ ಹಾಡು ಕೆಡೋದು ಹೆಚ್ಚಾಗಿ ಅಲ್ಲೇ. ಗಂಡಸರು ಕಾಳಿ ಒಂದಕ್ಕ (ಹಾರ್ಮೋನಿಯಂನ ಮೊದಲ ಕರೀ ಕೀಲಿ), ಹೆಂಗಸರು ಕಾಳಿ ನಾಲ್ಕಕ್ಕೋ ಐದಕ್ಕೋ ಹಾಡೋ ರೂಢಿ ನಮ್ಮ ಕಡೆ. ಗಿಟಾರ್ ಕೈಗೆ ಬಂದ ಕೂಡ್ಲೆ ಕಾರ್ಡ್ ಸುಲಭ ಅಂತ 'ಸಿ' ಇಲ್ಲಾ 'ಜಿ' ಹಿಡಿದುಬಿಡ್ತಾರ. ಹಂಗ ಮಾಡಬ್ಯಾಡ್ರಿ. ಹಾಡಿನ ಎಲ್ಲಾಕಿಂತ ಎತ್ತರದ ಸಾಲು ತಗೊಂಡು, ಮಲಗಿದ ಕೂಸು ಏಳದಂಗ ಮೆಲ್ಲಕ ಹಾಡಿ ನೋಡ್ರಿ. ದನಿ ಒತ್ತಬೇಕಾದ್ರ ಅರ್ಧ ಸ್ವರ ಇಳಿಸ್ರಿ. ಮುಖ್ಯ ದನಿಗೆ ಹಿತ ಆದ ಶ್ರುತಿನೇ ಹಾಡಿನ ಶ್ರುತಿ. ಅದಕ್ಕ ಕ್ಯಾಪೊ (ಗಿಟಾರಿನ ತಂತಿ ಎಲ್ಲಾ ಕೂಡೇ ಒತ್ತಿ ಹಿಡಿಯೋ ಕ್ಲಿಪ್ಪು) ಅದ ಅಲ್ಲಾ: ಕಾಳಿ ಒಂದು ಬೇಕಂದ್ರ ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ 'ಸಿ' ಕಾರ್ಡ್.

ಎರಡನೇ ದನಿಗೆ ಮೂರನೇ ಸ್ವರ ಕೊಡ್ರಿ: ಮುಖ್ಯ ದನಿಯವರು ಸಾ ಅಂದಾಗ ಇವರು ಗಾ, ರೀ ಅಂದಾಗ ಮಾ. ಹಾಡಿನ್ಯಾಗ ಕೋಮಲ ಗಾಂಧಾರ ಇದ್ರ ಇವರೂ ಕೋಮಲನೇ ಹಿಡೀಬೇಕು, ಇಲ್ಲಂದ್ರ ಒಂದು ದನಿ ಅಳ್ತಿದ್ರ ಇನ್ನೊಂದು ನಗ್ತದ. ರಾಗದ ಛಾಯೆ ಗಟ್ಟಿ ಇರೋ ಸಾಲಿನ್ಯಾಗ ಈ ಲೆಕ್ಕ ಬಿಟ್ಟು, ಕಾರ್ಡಿಗೆ ಒಪ್ಪಿದ್ರ ಬರೇ ಪಂಚಮ ಹಿಡಿದು ನಿಂದರ್ರಿ. ಮೊದಲ ಚರಣ ಮಾತ್ರ ಒಬ್ಬರೇ ಹಾಡ್ರಿ. ಎರಡನೇ ದನಿ ತಡಾ ಮಾಡಿ ಬಂದಷ್ಟೂ ಎದಿಗೆ ತಾಗ್ತದ.

ಸಾಮಾನು ಭಾಳ ಬ್ಯಾಡ. ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿ ಕಂಪ್ಯೂಟರಿಗೆ ಮುಟ್ಟಿಸೋ ಡಬ್ಬಿ), ಎರಡು ಡೈನಾಮಿಕ್ ಮೈಕು, ಎರಡು ಸ್ಟ್ಯಾಂಡು, ಕಿವಿ ಪೂರ್ತಿ ಮುಚ್ಚೋ ಎರಡು ಹೆಡ್‌ಫೋನು. ಕಂಡೆನ್ಸರ್ ಮೈಕು ದನಿ ಚಂದ ಹಿಡೀತದ ಖರೆ, ಆದ್ರ ಗ್ವಾಡಿಯಿಂದ ಬರೋ ಮಾರ್ದನಿ, ಓಣ್ಯಾಗಿನ ನಾಯಿ, ಎಲ್ಲಾನೂ ಹಿಡೀತದ.

ಕೋಣಿ ನಡುವ ನಿಂತು ಚಪ್ಪಾಳಿ ಹೊಡೀರಿ. ಟ್ರಿಂಗ್ ಅಂತ ಬಾಲ ಕೇಳಿಸಿದ್ರ ಟ್ರಂಕಿನ್ಯಾಗಿನ ಕೌದಿ ತಗೀರಿ. ಹಾಡೋರ ಬೆನ್ನಹಿಂದ ಎರಡು, ಗ್ವಾಡಿಗೆ ಹತ್ತದಂಗ ನಾಲ್ಕು ಇಂಚು ಬಿಟ್ಟು ಹಗ್ಗಕ್ಕ ಹಾಕ್ರಿ; ನೆಲಕ್ಕೊಂದು ಜಮಖಾನಿ. ಹಳೇ ಸೀರಿ ಪದರು ಪದರಾಗಿ ಹೊಲಿದ ಕೌದಿ ತೆಳ್ಳನ ಫೋಮಿಗಿಂತ ಭಾಳ ಛಲೋ ಕೆಲಸ ಮಾಡ್ತದ. ಫ್ಯಾನ್ ಬಂದ್. ಹಂಚಿನ ಮ್ಯಾಲಿನ ಮಳಿ ಸಪ್ಪಳ ಆಮ್ಯಾಲೆ ತಗಿಲಿಕ್ಕೆ ಆಗಂಗಿಲ್ಲ, ಮಳಿಗಾಲದಾಗ ಮಳಿ ನಿಂತ ಹೊತ್ತು ನೋಡಿಕೊಂಡೇ ಕೂಡ್ರಿ.

ಮೊದಲು ಗಿಟಾರು. ಮೈಕು ಹನ್ನೆರಡನೇ ಫ್ರೆಟ್ ಕಡೆ ಮಾರಿ ಮಾಡಿ 20–25 ಸೆಂಟಿಮೀಟರ್ ದೂರ ಇಡ್ರಿ. ತೂತಿನ ಎದುರಿಗೆ ಇಟ್ರ ಗುಂಯ್ ಅಂತದ. ಆಮ್ಯಾಲೆ ಆ ಗಿಟಾರು ಹೆಡ್‌ಫೋನಿನ್ಯಾಗ ಕೇಳ್ಕೋತ ಇಬ್ಬರೂ ಎದುರಾಬದುರಾ ನಿಂತು, ಕೂಡೇ ಹಾಡ್ರಿ. ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಬಾಯಿ ಕಡೆ ಇರಲಿ. ಬಾಯಿಂದ ಮೈಕಿಗೆ ನಾಲ್ಕು ಬೆರಳು. ಮೈಕಿನಿಂದ ಮೈಕಿಗೆ ಅದರ ಮೂರು ಪಟ್ಟಿಗಿಂತ ಕಡಿಮಿ ಬ್ಯಾಡ, ಇಲ್ಲಂದ್ರ ಎರಡೂ ಕೂಡಿದಾಗ ದನಿ ಟೊಳ್ಳಾಗ್ತದ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಜ್ ಇಡ್ರಿ. ಎತ್ತರದ ಸಾಲಿಗೂ ಮೀಟರ್ ಮೈನಸ್ 10 ಡೆಸಿಬಲ್ ದಾಟಬಾರದು. ಸಣ್ಣ ದನಿ ಅಂತ ಗೇನ್ (ಮೈಕಿನ ದನಿ ಏರಿಸೋ ಗುಂಡಿ) ಪೂರಾ ಏರಿಸಿದ್ರ ಸೊಂಯ್ ಅನ್ನೋ ಸಪ್ಪಳ ಬರ್ತದ, ಅದರ ಬದಲಿ ಮೈಕಿಗೆ ಹತ್ತರ ಆಗ್ರಿ. ಹತ್ತರ ಆದ್ರ ದನಿ ದಪ್ಪ ಆಗ್ತದ, ಆಮ್ಯಾಲೆ 80–100 ಹರ್ಟ್ಜಿನ ಕೆಳಗಿನ ದಪ್ಪ ಸಪ್ಪಳ ಸಾಫ್ಟ್‌ವೇರಿನ್ಯಾಗ ಕತ್ತರಿಸ್ರಿ.

ಕನ್ನಡದಾಗ ಜೋಡಿ ಹಾಡು ಎಡವೋದು ಒತ್ತಕ್ಷರದ ಮ್ಯಾಲೆ. 'ಹತ್ತಿರ' ಅನ್ನುವಾಗ 'ತ್ತಿ' ಇಬ್ಬರದೂ ಒಂದೇ ಕ್ಷಣಕ್ಕ ಬೀಳಲಿಲ್ಲಂದ್ರ ಟಪಟಪ ಅಂತ ಎರಡು ಸಲ ಕೇಳಸ್ತದ. ಎರಡನೇ ದನಿ ಅಲ್ಲಿ ನಾಲಿಗಿ ಮೆತ್ತಗ ಇಡಲಿ. ಸಾಲಿನ ಕೊನೀ ಸ್ವರ ಎಷ್ಟು ಮಾತ್ರಿ ಎಳೀಬೇಕು ಅನ್ನೋದು ಹಾಳಿ ಮ್ಯಾಲೆ ಬರಕೊಂಡು ಹಾಡ್ರಿ.

ಮಿಕ್ಸಿಂಗಿನ್ಯಾಗ (ಹಿಡಿದ ದನಿ ಎಲ್ಲಾ ಕೂಡಿಸುವಾಗ) ಮುಖ್ಯ ದನಿ ನಡುವ. ಎರಡನೇದು ಸ್ವಲ್ಪ ಬಾಜೂಕ, 4–6 ಡೆಸಿಬಲ್ ಕೆಳಗ. ರಿವರ್ಬ್ (ಮ್ಯಾಲೆ ಕೂಡಿಸೋ ಮಾರ್ದನಿ) ಸುರೀಬ್ಯಾಡ್ರಿ, ಮಾತು ಮುಳುಗಿ ಹೋಗ್ತಾವ.

ಇನ್ನ ಬೇಂದ್ರೆ ಕವಿತೆ. ಅವರು ತೀರಿಕೊಂಡದ್ದು 1981ರಾಗ. ಕೃತಿಸ್ವಾಮ್ಯ ಆಮ್ಯಾಲೆ 60 ವರ್ಷ, ಅಂದ್ರ 2041ರ ಕೊನೀ ತನಕ. ಹಕ್ಕು ಇದ್ದವರ ಲಿಖಿತ ಒಪ್ಪಿಗಿ ಇಲ್ಲದ ಹಾಕಬ್ಯಾಡ್ರಿ. ಶಿಶುನಾಳ ಶರೀಫರು ತೀರಿದ್ದು 1889ರಾಗ, ಅವರ ಪದಕ್ಕ ಆ ಅಡ್ಡಿ ಇಲ್ಲ. ಆದ್ರ ಈಚಿನವರು ಕೂಡಿಸಿದ ಧಾಟಿಗೆ ಬ್ಯಾರೆ ಹಕ್ಕು ಇರ್ತದ, ಪದ ಅವರದು ತಗೊಂಡು ಧಾಟಿ ನಿಮ್ಮದೇ ಕಟ್ಟ್ರಿ.