ಕೇರ್ನ್ಸ್‌ಗೆ ಸೇರಿ ಮತ್ತೆ ಬೇರೆಯಾದ ಡಗ್ಲಸ್

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಸಣ್ಣ ಊರುಗಳ ಕೌನ್ಸಿಲ್‌ಗಳನ್ನು (ಸ್ಥಳೀಯ ಆಡಳಿತ ಸಂಸ್ಥೆಗಳನ್ನು) ದೊಡ್ಡದರ ಜೊತೆ ಸೇರಿಸಿದ್ದರಂತೆ. ಒಮ್ಮೆ ಹೋದದ್ದು ವಾಪಸ್ ಬರುತ್ತದಾ ಸರ್?

ಉತ್ತರ: ಬರುತ್ತದೆ, ಆದರೆ ಅಪರೂಪ. 2008ರ ಮಾರ್ಚ್‌ನಲ್ಲಿ ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯ ಸರ್ಕಾರ 157 ಕೌನ್ಸಿಲ್‌ಗಳನ್ನು 73ಕ್ಕೆ ಇಳಿಸಿತು. ಸಣ್ಣವುಗಳ ಹಣಕಾಸು ಗಟ್ಟಿಯಿಲ್ಲ ಅನ್ನುವುದು ಅವರ ವಾದ. ಡೇನ್‌ಟ್ರೀ ಮಳೆಕಾಡು, ಪೋರ್ಟ್ ಡಗ್ಲಸ್, ಕಬ್ಬು ಬೆಳೆಯುವ ಮಾಸ್‌ಮನ್ ಎಲ್ಲ ಇದ್ದ ಡಗ್ಲಸ್ ಶೈರ್ (ಶೈರ್ ಅಂದರೆ ಒಂದು ಕೌನ್ಸಿಲ್‌ನ ಆಡಳಿತ ಪ್ರದೇಶ) ಹಾಗೆ ಕೇರ್ನ್ಸ್ ನಗರದ ಕೌನ್ಸಿಲ್‌ನೊಳಗೆ ಸೇರಿಹೋಯಿತು. ನಮ್ಮ ಕಾಡಿನ ಪಕ್ಕ ಏನು ಕಟ್ಟಬೇಕು ಅಂತ ದೂರದ ನಗರದಲ್ಲಿ ಕೂತವರು ತೀರ್ಮಾನಿಸಿದರೆ ಯಾರಿಗೆ ಇಷ್ಟವಾಗುತ್ತದೆ, ಅಲ್ವಾ? ಜನ ಸುಮ್ನೆ ಕೂರಲಿಲ್ಲ. 2013ರ ಮಾರ್ಚ್ 9ರಂದು ಬೇರೆಯಾಗಲು ಮತ ಹಾಕಿದರು, 2014ರ ಜನವರಿ 1ಕ್ಕೆ ಸ್ವಂತ ಕೌನ್ಸಿಲ್ ಮರಳಿತು. ಬೇರೆ ದೊಡ್ಡ ಕೌನ್ಸಿಲ್‌ಗಳಿಗೆ ಸೇರಿಸಿದ್ದ ನೂಸಾ, ಮರೀಬಾ, ಲಿವಿಂಗ್‌ಸ್ಟನ್ ಕೂಡ ಅದೇ ದಿನ ಬೇರೆಯಾದವು. ನೂಸಾ ಜೊತೆ ಸೇರಿಸಿದ್ದ ಮರೂಚಿ, ಕಲೌಂಡ್ರಾ ಮಾತ್ರ ಇವತ್ತಿಗೂ ಸನ್‌ಶೈನ್ ಕೋಸ್ಟ್ ಕೌನ್ಸಿಲ್‌ನಲ್ಲೇ ಇವೆ. ಬೇರೆಯಾಗುವ ಖರ್ಚನ್ನು ಆ ಊರಿನವರೇ ಹೊರಬೇಕಾಯಿತು, ಅದು ನನಗೆ ಅನ್ಯಾಯ ಅನ್ನಿಸುತ್ತದೆ.