ಸಂಪಾದಕರ ಉತ್ತರ: ಬೀರುವಿನಲ್ಲೇ ಉಳಿದ ಭಿನ್ನರಾಶಿ ಪಟ್ಟಿಗಳು

ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಬ್ಲಾಕ್ ಸಂಪನ್ಮೂಲ ವ್ಯಕ್ತಿಯಾಗಿರುವ ಓದುಗರೊಬ್ಬರು ಆರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸುವುದು ಬೇಡವೆಂದು ಕೋರಿದ್ದಾರೆ. ಪತ್ರದ ಸಾರ ಇದು. ಕಳೆದ ಜುಲೈನಲ್ಲಿ ಅವರು 4 ಮತ್ತು 5ನೆಯ ತರಗತಿಗೆ ಗಣಿತ ಕಲಿಸುವ 40 ಮಂದಿ ಶಿಕ್ಷಕರಿಗೆ ಭಿನ್ನರಾಶಿಯ ಬಗ್ಗೆ 4 ದಿನಗಳ ತರಬೇತಿ ನಡೆಸಿದರು. ಪೂರ್ವಪರೀಕ್ಷೆಯಲ್ಲಿ 20ಕ್ಕೆ 11 ಇದ್ದ ಸರಾಸರಿ ಅಂಕ ಕೊನೆಯ ದಿನದ ಪರೀಕ್ಷೆಯಲ್ಲಿ 17ಕ್ಕೆ ಏರಿತು. ಹಿಮ್ಮಾಹಿತಿ ನಮೂನೆಯಲ್ಲಿ 38 ಮಂದಿ ‘ಅತ್ಯುತ್ತಮ’ ಎಂದು ಗುರುತು ಹಾಕಿದರು. ಸೆಪ್ಟೆಂಬರಿನಲ್ಲಿ ಬೇರೆ ಕೆಲಸಕ್ಕೆಂದು ಒಂದು ಶಾಲೆಗೆ ಹೋದಾಗ, ತರಬೇತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಶಿಕ್ಷಕಿಯೊಬ್ಬರು ಹಿಂದಿನಂತೆಯೇ ಹಲಗೆಯ ಮೇಲೆ ಆಯತ ಬರೆದು, ಗೆರೆ ಎಳೆದು, ‘ಮೇಲಿನದು ಅಂಶ, ಕೆಳಗಿನದು ಛೇದ’ ಎಂದು ಮಕ್ಕಳಿಂದ ಹೇಳಿಸುತ್ತಿದ್ದರು. ತರಬೇತಿಯಲ್ಲಿ ಕೊಟ್ಟ, ಅರ್ಧ, ಕಾಲು ಮುಂತಾದ ಭಾಗಗಳನ್ನು ಜೋಡಿಸಿ ಹೋಲಿಸಲು ಬಳಸುವ ಭಿನ್ನರಾಶಿ ಪಟ್ಟಿಗಳು ಮುಖ್ಯಶಿಕ್ಷಕರ ಬೀರುವಿನಲ್ಲಿ ಕಟ್ಟು ಬಿಚ್ಚದೆ ಕುಳಿತಿದ್ದವು. ‘ಶಿಕ್ಷಕರಲ್ಲಿ ಬದಲಾಗುವ ಮನಸ್ಸೇ ಇಲ್ಲವೆನಿಸುತ್ತದೆ. ಮುಂದಿನ ಬಾರಿ ಕೊನೆಯ ಪರೀಕ್ಷೆಯನ್ನು ಇನ್ನಷ್ಟು ಕಠಿಣ ಮಾಡಲೇ? ಹಿಮ್ಮಾಹಿತಿ ನಮೂನೆಯನ್ನು ಹೇಗೆ ಸುಧಾರಿಸಲಿ?’ ಎಂದು ಕೇಳಿದ್ದಾರೆ.

ಮೊದಲಿಗೆ ನಿಮಗೆ ನನ್ನ ವಂದನೆ. 38 ‘ಅತ್ಯುತ್ತಮ’ಗಳನ್ನು ವರದಿಗೆ ಸೇರಿಸಿ ಕಡತ ಮುಚ್ಚಬಹುದಾಗಿತ್ತು, ನಿಮ್ಮನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಕಣ್ಣಾರೆ ಕಂಡದ್ದು ಕಾಗದದ ಲೆಕ್ಕಕ್ಕೆ ತಾಳೆಯಾಗಲಿಲ್ಲವೆಂದು ನಿದ್ದೆಗೆಟ್ಟು ಬರೆದಿದ್ದೀರಿ. ನಮ್ಮ ತರಬೇತಿ ವ್ಯವಸ್ಥೆಯಲ್ಲಿ ನಾನು ಹುಡುಕುತ್ತಿರುವುದು ಈ ನಿದ್ದೆಗೇಡನ್ನೇ. ಆದರೆ ಅಷ್ಟು ಒಳ್ಳೆಯ ನೋಟದಿಂದ ಇಷ್ಟು ಸಣ್ಣ ಪ್ರಶ್ನೆಗೆ ಏಕೆ ಬಂದಿರಿ ಎಂಬ ಬೇಸರವನ್ನೂ ಮುಚ್ಚಿಡಲಾರೆ. ಸುಧಾರಿಸಬೇಕಾದದ್ದು ನಮೂನೆಯಲ್ಲ. ತರಬೇತಿ ಫಲಿಸಿತೇ ಎಂದು ತಿಳಿಯುವ ಜಾಗ ತರಬೇತಿ ನಡೆದ ಸಭಾಂಗಣವಲ್ಲ, ಕಲಿತವರು ಮರಳಿ ಹೋಗುವ ಕೆಲಸದ ಜಾಗ. ತರಬೇತಿಯ ವಿನ್ಯಾಸ ಹುಟ್ಟಬೇಕಾದದ್ದೂ ಅಲ್ಲಿಯೇ. ನನ್ನ ಈ ನಂಬಿಕೆ ನಮ್ಮ ಹಳೆಯ ಓದುಗರಿಗೆ ಪರಿಚಿತ. ನಿಮ್ಮ ಪತ್ರದ ನೆಪದಲ್ಲಿ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ.

ನಮೂನೆಗೂ ಪರೀಕ್ಷೆಗೂ ಅವುಗಳದೇ ಸ್ಥಾನವಿದೆ ಎಂಬುದನ್ನು ಒಪ್ಪುತ್ತೇನೆ. ಸಭಾಂಗಣದಲ್ಲಿ ಗಾಳಿಯಿತ್ತೇ, ಸಂಪನ್ಮೂಲ ವ್ಯಕ್ತಿಯ ಮಾತು ಹಿಂದಿನ ಸಾಲಿಗೆ ಕೇಳಿಸಿತೇ ಎಂದು ತಿಳಿಯಲು ನಮೂನೆ ಬೇಕು. ಕೊನೆಯ ಪರೀಕ್ಷೆಯಲ್ಲಿ ಎಲ್ಲರೂ ಸೋತರೆ ಕಲಿಸಿದವರಿಗೆ ಅದು ಎಚ್ಚರಿಕೆ. ಆದರೆ ಈ ಎರಡರ ಮಿತಿ ಹೊಸ ಸಂಗತಿಯೇನಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯಲು ತೊಡಗಿದ ಲೇಖನಮಾಲೆಯಲ್ಲಿ ತರಬೇತಿಯ ಮೌಲ್ಯಮಾಪನವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಬಂದವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸಕ್ಕೆ ಮರಳಿದ ಮೇಲೆ ಅವರ ನಡೆ ಬದಲಾಯಿತೇ, ಆ ಬದಲಾವಣೆಯಿಂದ ಸಂಸ್ಥೆಗೆ ಏನು ಫಲ ದೊರಕಿತು. ನಿಮ್ಮ ನಮೂನೆ ಮೊದಲನೆಯ ಹಂತ, ನಿಮ್ಮ ಪರೀಕ್ಷೆ ಎರಡನೆಯದು. ನೀವು ಸೆಪ್ಟೆಂಬರಿನಲ್ಲಿ ಆಕಸ್ಮಿಕವಾಗಿ ತಲುಪಿದ್ದು ಮೂರನೆಯ ಹಂತವನ್ನು. ಅಲ್ಲಿ ಕಂಡದ್ದಕ್ಕೆ ಬೆದರಿ, ಎರಡನೆಯ ಹಂತವನ್ನೇ ಕಠಿಣ ಮಾಡಲೇ ಎಂದು ಕೇಳುತ್ತಿದ್ದೀರಿ. 17 ಅಂಕ 19 ಆದರೂ ಬೀರುವಿನ ಬೀಗ ತೆರೆಯುವುದಿಲ್ಲ.

‘ಬದಲಾಗುವ ಮನಸ್ಸೇ ಇಲ್ಲ’ ಎಂಬ ನಿಮ್ಮ ಮಾತಿಗಂತೂ ನನ್ನ ಆಕ್ಷೇಪವಿದೆ. ಆ ಶಿಕ್ಷಕಿಯನ್ನು ನೀವು ಏನಾದರೂ ಕೇಳಿದಿರಾ? ಪತ್ರದಲ್ಲಿ ಅದರ ಉಲ್ಲೇಖವಿಲ್ಲ. ಕೇಳಿದ್ದರೆ ಅವರ ಕೋಣೆಯಲ್ಲಿ ಎಷ್ಟು ತರಗತಿಗಳು ಒಟ್ಟಿಗೆ ಕುಳಿತಿವೆ, 40 ನಿಮಿಷದ ಅವಧಿಯಲ್ಲಿ ಪಟ್ಟಿಗಳನ್ನು ಹಂಚಿ, ಎಣಿಸಿ, ಮರಳಿ ಕಟ್ಟಿಡಲು ಎಷ್ಟು ಹೊತ್ತು ಬೇಕು ಎಂಬುದು ತಿಳಿಯುತ್ತಿತ್ತು. ಪಟ್ಟಿಗಳು ಬೀರು ಸೇರಿದ್ದೇಕೆ ಎಂದು ನನಗೆ ಊಹೆಯಿದೆ. ಅವು ದಾಸ್ತಾನು ವಹಿಯಲ್ಲಿ ದಾಖಲಾಗಿರುತ್ತವೆ. ಒಂದು ತುಂಡು ಕಳೆದರೂ ಲೆಕ್ಕ ತಪಾಸಣೆಯಲ್ಲಿ ಉತ್ತರಿಸಬೇಕಾದವರು ಮುಖ್ಯಶಿಕ್ಷಕರು. ಆದ್ದರಿಂದ ಬೀಗ ಹಾಕಿಡುವುದೇ ಕ್ಷೇಮವೆಂದು ಅವರು ಭಾವಿಸುತ್ತಾರೆ. ಇದು ಶಿಕ್ಷಕಿಯ ಮನಸ್ಸಿನ ದೋಷವಲ್ಲ. ಇದಕ್ಕೆ ಇನ್ನೂ 4 ದಿನಗಳ ತರಬೇತಿ ಮದ್ದಲ್ಲ. ‘ಪಟ್ಟಿಗಳು ಬಳಕೆಯಿಂದ ಸವೆಯುವ ವಸ್ತು, ಕಳೆದರೆ ಯಾರೂ ಹೊಣೆಯಲ್ಲ’ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಹೊರಡಿಸುವ ಒಂದು ಸುತ್ತೋಲೆ ಅದಕ್ಕಿಂತ ಹೆಚ್ಚಿನ ಕೆಲಸ ಮಾಡೀತು.

ತರಬೇತಿಯನ್ನು ಯೋಜಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಈ ಕೆಲಸ ಇವರಿಗೆ ಬಾರದೇ, ಅಥವಾ ಬಂದರೂ ಮಾಡಲಾಗುತ್ತಿಲ್ಲವೇ? ಬಾರದಿದ್ದರೆ ಕಲಿಸಬೇಕು. ಮಾಡಲಾಗದಿದ್ದರೆ ಅಡ್ಡಿಯನ್ನು ತೆಗೆಯಬೇಕು. ನನ್ನ ತಂಗಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ಕೈತೊಳೆಯುವ ಕ್ರಮದ ಬಗ್ಗೆ ಅವರ ವಾರ್ಡಿನವರಿಗೆ ಒಂದೇ ವರ್ಷದಲ್ಲಿ ಮೂರು ಸಲ ತರಬೇತಿ ನಡೆಯಿತು. ವಾರ್ಡಿನ ನೀರಿನ ತೊಟ್ಟಿ ಇದ್ದದ್ದು ಹಾಸಿಗೆಗಳಿಂದ ದೂರ, ಮೆಟ್ಟಿಲಿನ ಪಕ್ಕದಲ್ಲಿ. ನಾಲ್ಕನೆಯ ಬಾರಿ ಯಾರೋ ಪುಣ್ಯಾತ್ಮರು ತರಬೇತಿಯನ್ನು ಬಿಟ್ಟು, ಪ್ರತಿ ಎರಡು ಹಾಸಿಗೆಗಳ ನಡುವೆ ಕೈಗೆ ಹಚ್ಚಿಕೊಳ್ಳುವ ದ್ರಾವಣದ ಬಾಟಲಿ ಇರಿಸಿದರು. ಆ ಮೂರು ತರಬೇತಿಗಳ ನಮೂನೆಗಳಲ್ಲೂ ‘ಅತ್ಯುತ್ತಮ’ ಎಂದೇ ಇದ್ದಿರಬೇಕು.

ನಾನು ಈ ವೃತ್ತಿಗೆ ಬಂದಾಗ ನಮ್ಮ ಪತ್ರಿಕೆ ಇನ್ನೂ ಅಚ್ಚುಮೊಳೆಯಲ್ಲಿ ಮುದ್ರಣವಾಗುತ್ತಿತ್ತು. ಹೊಸದಾಗಿ ಸೇರಿದ ಹುಡುಗರ ಕೈಗೆ ಮೊದಲ ದಿನವೇ ಮೊಳೆಗಳನ್ನು ಸಾಲಾಗಿ ಜೋಡಿಸುವ ಕಂಪೋಸಿಂಗ್ ಸ್ಟಿಕ್ ಕೊಡುತ್ತಿರಲಿಲ್ಲ. ಮುದ್ರಣ ಮುಗಿದ ಪುಟಗಳ ಮೊಳೆಗಳನ್ನು ಬಿಡಿಸಿ ಅವುಗಳ ಖಾನೆಗಳಿಗೆ ಮರಳಿ ಹಾಕುವುದು ಅವರ ಮೊದಲ ಕೆಲಸ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಖಾನೆಗಳಿದ್ದುದರಿಂದ, ಆ ಕೆಲಸ ಮಾಡುತ್ತಲೇ ತಿರುಗುಮುರುಗಾದ ಅಕ್ಷರವನ್ನು ಕಣ್ಣು ಗುರುತಿಸಲು ಕಲಿಯುತ್ತಿತ್ತು, ಖಾನೆಯ ಜಾಗವನ್ನು ಕೈ ಕಲಿಯುತ್ತಿತ್ತು. ಹುಡುಗ ತಾನೇ ಜೋಡಿಸತೊಡಗಿದ ಮೇಲೆ ಪ್ರತಿ ಗ್ಯಾಲಿಯ, ಅಂದರೆ ಜೋಡಿಸಿದ ಮೊಳೆಗಳ ತಟ್ಟೆಯ, ಪ್ರೂಫ್ ಹಿರಿಯ ಮೊಳೆ ಜೋಡಣೆಗಾರರ ಬಳಿಗೆ ಹೋಗುತ್ತಿತ್ತು. ಅವರು ತಪ್ಪುಗಳಿಗೆ ಸುತ್ತು ಹಾಕಿ, ಹುಡುಗನನ್ನು ಪಕ್ಕಕ್ಕೆ ಕರೆದು, ಇದು ಏಕೆ ತಪ್ಪಿತು ಎಂದು ಅವನ ಬಾಯಿಂದಲೇ ಹೇಳಿಸುತ್ತಿದ್ದರು. ವಾರದಿಂದ ವಾರಕ್ಕೆ ಸುತ್ತುಗಳು ಕಡಿಮೆಯಾದರೆ ಹುಡುಗ ಕಲಿತನೆಂದು ಅರ್ಥ. ಅವನಿಗೆ ತರಬೇತಿ ಹೇಗನ್ನಿಸಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅನ್ಯಾಯವೇನೂ ಆಗುತ್ತಿರಲಿಲ್ಲ. ಆದರೆ ಮೌಲ್ಯಮಾಪನ ಇದ್ದದ್ದು ಪ್ರೂಫಿನಲ್ಲಿ.

ಇದು ಹಳೆಯ ಕಾಲದ ಹಂಬಲವೆಂದು ಭಾವಿಸಬೇಡಿ. ಇದೇ ತತ್ತ್ವದ ಮೇಲೆ ಬಹಳ ದೊಡ್ಡ ಕಾರ್ಯಕ್ರಮವೊಂದು ನಡೆದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಸರ್ಕಾರ 16,000ಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ 16 ಲಕ್ಷಕ್ಕೂ ಹೆಚ್ಚು ಮಂದಿಗೆ ‘ಉದ್ಯಮದೊಳಗಿನ ತರಬೇತಿ’ ನೀಡಿತು. ಮೇಲ್ವಿಚಾರಕರಿಗೆ ಕೆಲಸ ಕಲಿಸುವ ಬಗೆಯನ್ನು ತಿಳಿಸಲು ಬಳಸಿದ್ದು ತಲಾ 2 ಗಂಟೆಯ 5 ಬೈಠಕ್‌ಗಳು, ಒಟ್ಟು 10 ಗಂಟೆ ಮಾತ್ರ. ಪ್ರತಿಯೊಬ್ಬ ಮೇಲ್ವಿಚಾರಕ ತನ್ನ ವಿಭಾಗದ ನಿಜವಾದ ಒಂದು ಕೆಲಸವನ್ನು ತಂದು ಉಳಿದವರ ಮುಂದೆ ಕಲಿಸಿ ತೋರಿಸಬೇಕಿತ್ತು. ಅವರಿಗೆ ಕೊಟ್ಟ ಕ್ರಮದಲ್ಲಿ ನಾಲ್ಕು ಹೆಜ್ಜೆಗಳು: ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ತೋರಿಸುವುದು, ಅವನಿಂದ ಮಾಡಿಸುವುದು, ಆಮೇಲೆ ಬೆನ್ನಿಗೆ ನಿಲ್ಲುವುದು. ನಾಲ್ಕನೆಯ ಹೆಜ್ಜೆಯನ್ನು ಅವರು ಬಿಡಿಸಿ ಹೇಳಿದ್ದರು. ಅವನನ್ನು ಸ್ವತಂತ್ರವಾಗಿ ಕೆಲಸಕ್ಕೆ ಬಿಡಿ, ಸಂದೇಹ ಬಂದರೆ ಯಾರ ಬಳಿಗೆ ಹೋಗಬೇಕೆಂದು ತಿಳಿಸಿ, ಮೇಲಿಂದ ಮೇಲೆ ಹೋಗಿ ನೋಡಿ, ಕ್ರಮೇಣ ನೋಡುವುದನ್ನು ಕಡಿಮೆ ಮಾಡಿ. ‘ಕೆಲಸಗಾರ ಕಲಿತಿಲ್ಲವೆಂದರೆ ಬೋಧಕ ಕಲಿಸಿಲ್ಲ’ ಎಂಬುದು ಅವರ ಘೋಷವಾಕ್ಯವಾಗಿತ್ತು. ನಮ್ಮ ತರಬೇತಿಗಳು ಮೊದಲ ಮೂರು ಹೆಜ್ಜೆಗಳಿಗೆ ಊಟ, ಪ್ರಯಾಣಭತ್ಯೆ ಕೊಟ್ಟು ನಾಲ್ಕನೆಯದನ್ನು ದೈವದ ಮೇಲೆ ಬಿಡುತ್ತವೆ.

ಶಿಕ್ಷಕರ ವಿಷಯದಲ್ಲೂ ಇದನ್ನು ಹೇಳಿದವರಿದ್ದಾರೆ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಲ್ಲಿ ಸೇವಾನಿರತ ತರಬೇತಿಯ ಬಗೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಉಪನ್ಯಾಸ, ಪ್ರಾತ್ಯಕ್ಷಿಕೆ, ಅಭ್ಯಾಸ, ಹಿಮ್ಮಾಹಿತಿಗಳ ಜೊತೆಗೆ ತರಗತಿಯಲ್ಲೇ ಮಾರ್ಗದರ್ಶನವೂ ಸೇರಬೇಕೆಂದು ವಾದಿಸಿದರು. ಹೊಸ ವಿಧಾನವನ್ನು ಮೊದಲ ಬಾರಿ ಬಳಸುವಾಗ ಎಂಥ ಅನುಭವಿಯೂ ತಡವರಿಸುತ್ತಾನೆ. ಪಕ್ಕದಲ್ಲಿ ಒಬ್ಬರು ಇಲ್ಲದಿದ್ದರೆ ಆ ತಡವರಿಕೆಯಲ್ಲೇ ಹಳೆಯ ವಿಧಾನಕ್ಕೆ ಮರಳುತ್ತಾನೆ. ನೀವು ಕಂಡ ಶಿಕ್ಷಕಿಯೂ ಹಾಗೆ ಮರಳಿದವರಿರಬಹುದು.

ಪೂರ್ವಪರೀಕ್ಷೆ ಹೇಗಿರಬೇಕೆಂದು ತಿಳಿಯುವ ಆಸೆಯಿದ್ದರೆ ರೈತರ ಕಡೆಗೆ ನೋಡಿ. 1989ರಲ್ಲಿ ಇಂಡೋನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ‘ರೈತರ ಕ್ಷೇತ್ರ ಪಾಠಶಾಲೆ’ಗಳು ಆರಂಭವಾದವು. ಭತ್ತದ ಬೆಳೆಯ ಇಡೀ ಅವಧಿಯುದ್ದಕ್ಕೂ ರೈತರು ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರುತ್ತಿದ್ದರು. ಅವರಿಗೆ ಕೊಟ್ಟ ಪರೀಕ್ಷೆಗೆ ‘ಮತಪೆಟ್ಟಿಗೆ’ ಎಂಬ ಹೆಸರು. ಗದ್ದೆಯಲ್ಲಿ ಅಲ್ಲಲ್ಲಿ ಪ್ರಶ್ನೆಯ ಫಲಕ ನೆಟ್ಟು, ಅದರಿಂದ ಕೀಟ ತಿಂದ ಎಲೆಗೋ ಜೀವಂತ ಜೇಡಕ್ಕೋ ದಾರ ಕಟ್ಟಿ, ಇದು ಬೆಳೆಗೆ ಮಿತ್ರನೋ ಶತ್ರುವೋ ಎಂದು ಕೇಳುತ್ತಿದ್ದರು; ರೈತ ತನ್ನ ಉತ್ತರದ ಚೀಟಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಅಕ್ಷರ ಬಾರದವರೂ ಬರೆಯಬಹುದಾದ ಪರೀಕ್ಷೆಯದು, ಮತ್ತು ಅದು ಕೇಳುತ್ತಿದ್ದುದು ನಾಳೆ ಗದ್ದೆಯಲ್ಲಿ ಬೇಕಾಗುವ ತಿಳಿವನ್ನೇ. ನಿಮ್ಮ ಪ್ರಶ್ನೆಪತ್ರಿಕೆಯನ್ನು ನೀವು ಲಗತ್ತಿಸಿದ್ದೀರಿ, ಓದಿದೆ. ಸಮ ಭಿನ್ನರಾಶಿಯ ವ್ಯಾಖ್ಯೆ, ವಿಷಮ ಭಿನ್ನರಾಶಿಯ ಉದಾಹರಣೆ, ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ರಚನಾವಾದದ ಎರಡು ಲಕ್ಷಣಗಳು. ಒಂದು ಮಗು ‘8 ದೊಡ್ಡದು, ಆದ್ದರಿಂದ ನಾಲ್ಕನೇ ಒಂದಕ್ಕಿಂತ ಎಂಟನೇ ಒಂದು ದೊಡ್ಡದು’ ಎಂದರೆ ನೀವು ಮುಂದಿನ ಪ್ರಶ್ನೆ ಏನು ಕೇಳುವಿರಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಮಕ್ಕಳು ದಿನವೂ ಮಾಡುವ ತಪ್ಪು ಅದು. ತರಬೇತಿಯ ನಾಲ್ಕು ದಿನವನ್ನೂ ಅದೊಂದರ ಸುತ್ತ ಕಟ್ಟಬಹುದಾಗಿತ್ತು.

ನಮ್ಮ ನೆಲದಲ್ಲೇ ಇದಕ್ಕೆ ಉದಾಹರಣೆ ಇರುವಾಗ ಇಂಡೋನೇಷ್ಯಾಕ್ಕೆ ಹೋಗಬೇಕಾಗಿಯೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ಮಕ್ಕಳು ಕಾರ್ಡುಗಳ ಮೂಲಕ ಚಟುವಟಿಕೆಗಳಿಂದ ಕಲಿಯುವ ‘ನಲಿ-ಕಲಿ’ ಪದ್ಧತಿ ಶುರುವಾದದ್ದು ಆದೇಶದಿಂದಲ್ಲ. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಹಲವು ತರಗತಿಗಳು ಒಂದೇ ಕೋಣೆಯಲ್ಲಿ ಕಲಿಯುವ ಅಲ್ಲಿನ ಗ್ರಾಮೀಣ ಬಹುವರ್ಗ ಶಾಲೆಗಳನ್ನು ಕಂಡು, ಮರಳಿ ಬಂದು ತಮ್ಮ ಮಕ್ಕಳಿಗೆ ಒಪ್ಪುವ ಕಾರ್ಡುಗಳನ್ನು, ಕಲಿಕೆಯ ಮೆಟ್ಟಿಲುಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿಯನ್ನು ತಾವೇ ರೂಪಿಸಿದರು. ಕಾರ್ಡು ತಯಾರಿಸಿದ್ದೇ ಅವರಿಗಾದ ತರಬೇತಿ. ಅದೇ ನಲಿ-ಕಲಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವಿಸ್ತರಿಸಿದಾಗ ಕಾರ್ಡುಗಳು ಎಲ್ಲ ಊರುಗಳನ್ನೂ ತಲುಪಿದವು. ಅವುಗಳ ಹಿಂದಿದ್ದ ಚರ್ಚೆ ತಲುಪಿತೆಂದು ನನಗನ್ನಿಸುವುದಿಲ್ಲ. ಕಾರ್ಡುಗಳನ್ನು ಚೊಕ್ಕವಾಗಿ ಜೋಡಿಸಿಟ್ಟು ಅವುಗಳ ಮುಂದೆಯೇ ಹಳೆಯ ರೀತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದ ಕೋಣೆಗಳನ್ನು ನಾನು ಕಂಡಿದ್ದೇನೆ, ಹೊಸ ಕಾರ್ಡು ಬರೆದು ಸೇರಿಸಿದ ಶಿಕ್ಷಕರನ್ನೂ ಕಂಡಿದ್ದೇನೆ. ಈ ಎರಡನೆಯವರಿಗೆಲ್ಲ ತಮ್ಮೊಡನೆ ಮಾತಾಡುವ ಒಬ್ಬ ಜೊತೆಗಾರ ಎಲ್ಲಾದರೂ ಇದ್ದೇ ಇದ್ದರು.

ನನ್ನ ಅಸಮಾಧಾನ ನಿಮ್ಮ ಮೇಲಲ್ಲ ಎಂಬುದು ಈಗ ತಿಳಿದಿರಬೇಕು. ಸರ್ವ ಶಿಕ್ಷಣ ಅಭಿಯಾನದ ಮಾನದಂಡ ವರ್ಷಕ್ಕೆ 20 ದಿನಗಳ ಸೇವಾನಿರತ ತರಬೇತಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸ ಎನ್ನುತ್ತದೆ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಶಿಕ್ಷಕ ತರಬೇತಿ ಕಾರ್ಯಕ್ರಮ ‘ನಿಷ್ಠಾ’ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ ಇಟ್ಟುಕೊಂಡಿತು. ಉದ್ದೇಶ ಒಳ್ಳೆಯದು, ವ್ಯಾಪ್ತಿ ಸಣ್ಣದಲ್ಲ. ಆದರೆ ದಿನ, ಗಂಟೆ, ತಲೆ ಇವುಗಳನ್ನು ಎಣಿಸುವ ಆಡಳಿತಕ್ಕೆ ಕ್ರಮೇಣ ಎಣಿಕೆಯೇ ಸಾಧನೆಯಾಗಿ ಕಾಣುತ್ತದೆ. ತರಬೇತಿಯ ದಿನಗಳಿಗೆ ತಲೆಗಿಷ್ಟೆಂದು ಹಣ ಇರುತ್ತದೆ. ಎರಡು ತಿಂಗಳ ನಂತರ ಆ ಶಿಕ್ಷಕಿಯ ತರಗತಿಗೆ ಹೋಗಿ ಕೂರಲು ನಿಮಗೆ ಬಸ್ಸಿನ ಟಿಕೆಟಿನಷ್ಟು ಅನುದಾನವೂ ಇರುವುದಿಲ್ಲ. ಶಾಲೆಗೆ ಹೋಗಿ ಶೈಕ್ಷಣಿಕ ನೆರವು ನೀಡಲೆಂದೇ ಹುಟ್ಟಿದ ಸಮೂಹ ಸಂಪನ್ಮೂಲ ವ್ಯಕ್ತಿಯ ಹುದ್ದೆ ಇಂದು ಅಂಕಿಅಂಶ ಸಂಗ್ರಹಿಸಿ ಮೇಲಕ್ಕೆ ಕಳಿಸುವುದರಲ್ಲೇ ಸವೆಯುತ್ತಿದೆ ಎಂದು ಆ ಹುದ್ದೆಯಲ್ಲಿರುವ ಓದುಗರೇ ನಮಗೆ ಮತ್ತೆ ಮತ್ತೆ ಬರೆಯುತ್ತಾರೆ. ನಾಲ್ಕನೆಯ ಹೆಜ್ಜೆ ಇಡಬೇಕಾದ ಕಾಲನ್ನೇ ಹೀಗೆ ಕಟ್ಟಿಹಾಕಿ, ಶಿಕ್ಷಕರಿಗೆ ಆಸಕ್ತಿಯಿಲ್ಲವೆಂದು ದೂರುವುದು ಸರಿಯಲ್ಲ.

ನೀವು ಒಬ್ಬರು, ಶಾಲೆಗಳು ನೂರಾರು. 40 ಮಂದಿಯನ್ನೂ ಹಿಂಬಾಲಿಸಲಾರಿರಿ ಎಂಬುದು ನಿಜ. ಮೂವರನ್ನು ಆರಿಸಿಕೊಳ್ಳಿ. ಬೀರುವಿನ ಶಾಲೆಯ ಶಿಕ್ಷಕಿ ಅವರಲ್ಲಿ ಮೊದಲನೆಯವರಾಗಲಿ. ಹೋಗುವ ದಿನವನ್ನು ಮುಂಚೆಯೇ ತಿಳಿಸಿ, ತಪಾಸಣೆಯ ಪುಸ್ತಕ ಒಯ್ಯಬೇಡಿ, ಪೂರ್ತಿ ಒಂದು ಅವಧಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕುಳಿತುಕೊಳ್ಳಿ. ಆಮೇಲೆ ಐದನೆಯ ತರಗತಿಯ ಐದಾರು ಮಕ್ಕಳನ್ನು ಮೂರನೇ ಒಂದು ದೊಡ್ಡದೋ ಐದನೇ ಒಂದು ದೊಡ್ಡದೋ, ಏಕೆ ಎಂದು ಕೇಳಿ, ಅವರ ಮಾತನ್ನು ಇದ್ದಂತೆ ಬರೆದುಕೊಳ್ಳಿ. ಶಿಕ್ಷಕಿಯೊಡನೆ ಚಹಾ ಕುಡಿಯುತ್ತ, ಪಟ್ಟಿಗಳನ್ನು ಹೊರತೆಗೆಯಲು ಏನು ಅಡ್ಡಿಯಾಯಿತೆಂದು ಕೇಳಿ, ಆಕೆ ಹೇಳಿದ್ದನ್ನೂ ಬರೆದುಕೊಳ್ಳಿ. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ. ಆ ಟಿಪ್ಪಣಿಗಳನ್ನು ತಿದ್ದದೆ ನಮಗೆ ಕಳಿಸಿದರೆ ಫೆಬ್ರವರಿ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಅವುಗಳಿಗಾಗಿ ತೆಗೆದಿಡುತ್ತೇನೆ. ನಿಮ್ಮ ಹೆಸರನ್ನು ಆಗಲೂ ಹಾಕುವುದಿಲ್ಲ.