ಇಸಿ ಮತ್ತು ಇ-ಖಾತೆ ಸರಿಯಿದ್ದರೆ ಮನೆ ಕೊಳ್ಳಲು ಅಷ್ಟೇ ಸಾಕೆ?

ಮೈಸೂರಿನಲ್ಲಿ 60 ಲಕ್ಷ ರೂಪಾಯಿಗೆ ಹಳೆಯ ಮನೆಯೊಂದನ್ನು ಮಾತಾಡಿರುವುದಾಗಿ ಬರೆದಿದ್ದೀರಿ. ಮುಡಾದಿಂದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ) ನಿವೇಶನ ಪಡೆದು ಮನೆ ಕಟ್ಟಿಸಿದ ಯಜಮಾನರು ಈಗಿಲ್ಲ, ಅವರ ಇಬ್ಬರು ಗಂಡುಮಕ್ಕಳು ಮಾರುತ್ತಿದ್ದಾರೆ, ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಯಾವ ಸಾಲವೂ ಕಾಣುತ್ತಿಲ್ಲ, ಇ-ಖಾತೆ ಅವರಿಬ್ಬರ ಹೆಸರಿನಲ್ಲಿದೆ. ಹೀಗಿರುವಾಗ ವಕೀಲರಿಗೆ ಕಾಗದ ತೋರಿಸುವ ಅಗತ್ಯವೇನು, ಒಟ್ಟು ಖರ್ಚೆಷ್ಟು, ಮುಂಗಡ ಎಷ್ಟು ಕೊಡಬಹುದು ಎಂಬುದು ನಿಮ್ಮ ಪ್ರಶ್ನೆ. ಇಪ್ಪತ್ತು ವರ್ಷಗಳಿಂದ ಗೃಹಸಾಲಕ್ಕಾಗಿ ಆಸ್ತಿಯ ಕಾಗದಪತ್ರಗಳನ್ನು ಪರಿಶೀಲಿಸುತ್ತಿರುವ ವಕೀಲನಾಗಿ ಹೇಳುತ್ತೇನೆ: ನೀವು ಬರೆದಿರುವುದರಲ್ಲಿ ನನ್ನನ್ನು ನಿಲ್ಲಿಸಿದ್ದು ಇಸಿಯೂ ಅಲ್ಲ, ಖಾತೆಯೂ ಅಲ್ಲ, 'ಇಬ್ಬರು ಗಂಡುಮಕ್ಕಳು' ಎಂಬ ಮಾತು. ಆ ಯಜಮಾನರಿಗೆ ಹೆಣ್ಣುಮಕ್ಕಳಿದ್ದರೇ, ಅವರ ಪತ್ನಿ ಬದುಕಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ.

ಮೊದಲು ಬಹಳ ಜನ ನಂಬಿರುವ ಒಂದು ತಪ್ಪನ್ನು ತಿದ್ದಬೇಕು. ಉಪನೋಂದಣಾಧಿಕಾರಿಯವರು ಕ್ರಯಪತ್ರವನ್ನು ನೋಂದಾಯಿಸಿಕೊಟ್ಟರೆ ಮಾರಿದವರಿಗೆ ಹಕ್ಕಿತ್ತೆಂದು ಸರ್ಕಾರವೇ ಒಪ್ಪಿದಂತೆ ಎಂದು ತಿಳಿಯುತ್ತಾರೆ. ಹಾಗಿಲ್ಲ. ಪತ್ರ ಬರೆದುಕೊಟ್ಟವರ ಹಕ್ಕನ್ನು ತೀರ್ಮಾನಿಸುವುದು ಆ ಅಧಿಕಾರಿಯ ಕೆಲಸವೇ ಅಲ್ಲವೆಂದು, ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಪಡಿಸುತ್ತಾ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಖಾತೆಯ ಮಾತೂ ಹೀಗೆಯೇ. ಇ-ಖಾತೆಯಿಲ್ಲದೆ ಇಂದು ನೋಂದಣಿಗೆ ಹೋಗಲಾಗದು ಎಂಬುದು ನಿಜ. ಆದರೆ ಖಾತೆ ಎಂದರೆ ಕಂದಾಯ ಯಾರಿಂದ ವಸೂಲು ಮಾಡಬೇಕೆಂಬುದರ ದಾಖಲೆಯೇ ಹೊರತು ಮಾಲೀಕತ್ವದ ಪುರಾವೆಯಲ್ಲ. ತಂದೆ ತೀರಿಕೊಂಡ ಮೇಲೆ ವಂಶವೃಕ್ಷ ತೋರಿಸಿ ಖಾತೆ ಮಾಡಿಸಿಕೊಂಡಿದ್ದರೆ, ಆ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು ಖಾತೆಯಲ್ಲೂ ಇರುವುದಿಲ್ಲ. ಹಾಗೆಂದು ಆ ವ್ಯಕ್ತಿಯ ಹಕ್ಕು ಅಳಿದುಹೋಗುವುದಿಲ್ಲ.

ಹಿಂದೂ ಕುಟುಂಬದ ಯಜಮಾನರು ಉಯಿಲು ಬರೆಯದೆ ತೀರಿಕೊಂಡರೆ, ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ, ಇವರೆಲ್ಲರಿಗೂ ಸಮಪಾಲು. ಇದು 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಬಂದದ್ದು. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಗೂ ಹುಟ್ಟಿನಿಂದಲೇ ಸಮಾನ ಹಕ್ಕುದಾರರನ್ನಾಗಿಸಿತು. "ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎಂಬ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಕೊಟ್ಟಿರಬಹುದು, ಆದರೆ ಆಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡದಿದ್ದರೆ ಆಕೆಯ ಪಾಲು ಹಾಗೆಯೇ ಇರುತ್ತದೆ.

ನನ್ನ ಬಳಿಗೆ ಬಂದ ಒಂದು ಪ್ರಕರಣ ಇಂದಿಗೂ ಮನಸ್ಸಿನಲ್ಲಿದೆ. ನಿವೃತ್ತ ದಂಪತಿ ಬ್ಯಾಂಕ್ ಸಾಲವಿಲ್ಲದೆ, ಭವಿಷ್ಯನಿಧಿಯ ಹಣದಲ್ಲಿಯೇ ಮನೆ ಕೊಂಡಿದ್ದರು. ತಾಯಿ ಮತ್ತು ಇಬ್ಬರು ಗಂಡುಮಕ್ಕಳು ಸಹಿ ಹಾಕಿದ್ದರು. ಇಸಿ ಶುದ್ಧವಾಗಿತ್ತು, ಖಾತೆಯೂ ಸರಿಯಾಗಿತ್ತು. ಆದರೆ ಆ ಮನೆಯ ಮಗಳೊಬ್ಬಳು ತಂದೆಗಿಂತ ಮೊದಲೇ ತೀರಿಕೊಂಡಿದ್ದಳು, ಅವಳ ಇಬ್ಬರು ಮಕ್ಕಳು ತಮ್ಮ ತಂದೆಯ ಊರಿನಲ್ಲಿ ಬೆಳೆಯುತ್ತಿದ್ದರು, ವಂಶವೃಕ್ಷದಲ್ಲಿ ಅವರ ಹೆಸರೇ ಇರಲಿಲ್ಲ. ಮೊದಲೇ ಮರಣಿಸಿದ ಮಗಳ ಪಾಲು ಅವಳ ಮಕ್ಕಳಿಗೆ ಸೇರುತ್ತದೆ. ಅವರು ಪ್ರಾಪ್ತ ವಯಸ್ಕರಾದ ಮೇಲೆ ನಾಲ್ಕನೇ ಒಂದು ಪಾಲಿಗೆ ವಿಭಾಗದ ದಾವೆ ಹೂಡಿದರು. ಸಮನ್ಸ್ ಕೈಗೆ ಬಂದ ಮೇಲಷ್ಟೇ ಆ ದಂಪತಿ ಕಾಗದಗಳನ್ನು ಮೊದಲ ಬಾರಿಗೆ ವಕೀಲರೊಬ್ಬರಿಗೆ ತೋರಿಸಿದ್ದು. ಕೊನೆಗೆ ಅವರು ಅದೇ ಮನೆಯ ಕಾಲುಭಾಗಕ್ಕೆ ಎರಡನೆಯ ಸಲ ಹಣ ಕೊಟ್ಟು ರಾಜಿ ಮಾಡಿಕೊಂಡರು. ಆ ಮಕ್ಕಳದು ತಪ್ಪೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ, ಕೊಳ್ಳುವ ಮೊದಲು "ಮನೆಯಲ್ಲಿ ಹುಟ್ಟಿದವರು ಒಟ್ಟು ಎಷ್ಟು ಮಂದಿ?" ಎಂದು ಯಾರೂ ಕೇಳಿರಲಿಲ್ಲ ಎಂಬುದೇ ನನ್ನ ಸಂಕಟ.

ಇಸಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮೂಲ ಪತ್ರಗಳನ್ನು ಒತ್ತೆಯಿಟ್ಟು ಪಡೆದ ಸಾಲ ನೋಂದಣಿಯಾಗದೇ ಉಳಿದಿದ್ದರೆ ಅದು ಇಸಿಯಲ್ಲಿ ಬರುವುದಿಲ್ಲ. ಆದ್ದರಿಂದ ಜೆರಾಕ್ಸ್ ಪ್ರತಿ ನೋಡಿ ತೃಪ್ತರಾಗದೆ ಮುಡಾದ ಮಂಜೂರಾತಿ ಪತ್ರ, ಸ್ವಾಧೀನ ಪತ್ರ ಮತ್ತು ಅಂತಿಮ ಕ್ರಯಪತ್ರದ ಮೂಲ ಪ್ರತಿಗಳನ್ನೇ ಕೈಯಲ್ಲಿ ಹಿಡಿದು ನೋಡಿರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವ ಇಸಿ ಸಾಮಾನ್ಯವಾಗಿ 2004ರಿಂದ ಈಚಿನದು. ಅದಕ್ಕಿಂತ ಹಿಂದಿನ ಅವಧಿಯದನ್ನು ಉಪನೋಂದಣಿ ಕಚೇರಿಯಿಂದ ಪಡೆದು ಒಟ್ಟು ಮೂವತ್ತು ವರ್ಷಗಳಾದರೂ ಆಗುವಂತೆ ನೋಡಿಕೊಳ್ಳಿ. ಚಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯನ್ನು, ಪತ್ರದಲ್ಲಿ ಓದಿದರೆ ಸಾಲದು, ಸ್ಥಳದಲ್ಲಿ ನಿಂತು ಹೋಲಿಸಬೇಕು.

ಖರ್ಚಿನ ಲೆಕ್ಕ ಸರಳ. ಒಪ್ಪಿದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಶೇಕಡಾ 5ರಷ್ಟು ಮುದ್ರಾಂಕ ಶುಲ್ಕ; ಆ ಶುಲ್ಕದ ಮೇಲೆ ನಗರ ಪ್ರದೇಶದಲ್ಲಿ ಶೇಕಡಾ 10 ಸೆಸ್ ಮತ್ತು ಶೇಕಡಾ 2 ಸರ್ಚಾರ್ಜ್; ಜೊತೆಗೆ ನೋಂದಣಿ ಶುಲ್ಕ, ಅದು 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು ಶೇಕಡಾ 2 ಆಗಿದೆ. 60 ಲಕ್ಷಕ್ಕೆ ಎಲ್ಲ ಸೇರಿ 4,56,000 ರೂಪಾಯಿ. ಬೆಲೆ 50 ಲಕ್ಷ ಮುಟ್ಟಿರುವುದರಿಂದ ಮಾರುವವರಿಗೆ ಸಲ್ಲುವ ಹಣದಲ್ಲಿ ಶೇಕಡಾ 1ನ್ನು, ಅಂದರೆ 60,000 ರೂಪಾಯಿಯನ್ನು, ನೀವೇ ಮುರಿದುಕೊಂಡು ಅವರ ಪ್ಯಾನ್ ಸಂಖ್ಯೆಗೆ ಆದಾಯ ತೆರಿಗೆಯಾಗಿ ಕಟ್ಟಬೇಕು. ಇದು ನಿಮ್ಮ ಹೆಚ್ಚುವರಿ ಖರ್ಚಲ್ಲ, ಅವರ ಹಣ. ಆದರೆ ಕಟ್ಟದಿದ್ದರೆ ಬಡ್ಡಿ ಮತ್ತು ದಂಡ ನಿಮ್ಮ ಮೇಲೆ ಬರುತ್ತದೆ. ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಮುಂದೆ ವ್ಯಾಜ್ಯವಾದರೆ ಆ ಹಣ ಕೊಟ್ಟದ್ದಕ್ಕೆ ನಿಮ್ಮ ಬಳಿ ಸಾಕ್ಷಿಯೂ ಇರುವುದಿಲ್ಲ.

ಮುಂಗಡವಾಗಿ ಶೇಕಡಾ 10ಕ್ಕಿಂತ ಹೆಚ್ಚು ಕೊಡಬೇಡಿ, ಅದನ್ನೂ ಬ್ಯಾಂಕ್ ಮೂಲಕವೇ ಕೊಡಿ. ಕ್ರಯದ ಕರಾರಿನಲ್ಲಿ, ಹಕ್ಕಿನಲ್ಲಿ ದೋಷ ಕಂಡುಬಂದರೆ ಇಷ್ಟು ದಿನದೊಳಗೆ ಮುಂಗಡವನ್ನು ಪೂರ್ತಿ ಹಿಂತಿರುಗಿಸತಕ್ಕದ್ದು ಎಂಬ ಸಾಲು ಇರಲೇಬೇಕು. ಕರಾರಿನಿಂದ ನಿಮಗೆ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ, ಕ್ರಯಪತ್ರ ಬರೆಸಿಕೊಳ್ಳುವ ಹಕ್ಕು ಮಾತ್ರ ಬರುತ್ತದೆ. ಕರಾರಿನ ಹಂತದಲ್ಲೇ ಬೀಗದ ಕೈ ತೆಗೆದುಕೊಂಡು ಸ್ವಾಧೀನ ಪಡೆದಿರೆಂದು ಬರೆಸಿದರೆ, ಆ ಕರಾರಿಗೇ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ತಗಲುತ್ತದೆ.

ಆದ್ದರಿಂದ ಮುಂಗಡಕ್ಕೆ ಮೊದಲು ಯಜಮಾನರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಕೇಳಿ ಪಡೆಯಿರಿ. ಸಾಧ್ಯವಾದರೆ ಅಕ್ಕಪಕ್ಕದ ಮನೆಯ ಹಿರಿಯರ ಹತ್ತಿರ ಕುಳಿತು, ಆ ಮನೆಯಲ್ಲಿ ಎಷ್ಟು ಮಕ್ಕಳು ಬೆಳೆದರೆಂದು ವಿಚಾರಿಸಿರಿ. ತಾಯಿ ಮತ್ತು ಹೆಣ್ಣುಮಕ್ಕಳಿದ್ದರೆ ಅವರೂ ಮಾರಾಟಗಾರರಾಗಿಯೇ ಸಹಿ ಹಾಕಲಿ. ಸಾಕ್ಷಿಯ ಜಾಗದಲ್ಲಿ ಹಾಕಿಸುವ ಸಹಿಯನ್ನು ನಾನು ಒಪ್ಪುವುದಿಲ್ಲ. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ಅವರ ಪಾಲಿನ ಮಾರಾಟಕ್ಕೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ, ಅದಕ್ಕೆ ತಗಲುವ ಸಮಯವನ್ನು ಕರಾರಿನ ಅವಧಿಯಲ್ಲಿ ಸೇರಿಸಿರಿ. ಮಗಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಕಳುಹಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಮತ್ತು ನೋಂದಣಿಯ ದಿನ ಆಕೆ ಬದುಕಿದ್ದು ಅಧಿಕಾರವನ್ನು ಹಿಂಪಡೆದಿಲ್ಲವೆಂದು ನೀವೇ ಒಂದು ವಿಡಿಯೋ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.